ಶಾಲೆಯೂ ಕಾರ್ಖಾನೆಯೂ

ನಮ್ಮ ತಾಳವಾಡಿ ಸೀಮೆಯಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತೆಂದರೆ ಅದು ಒಂದು ಮನೆಯ ಸಂಕಟವೇ ಸರಿ. ಕೋಸಿನ ಗಿಡ ಬಾಡುತ್ತದೆ, ಬಾಳೆ ಸೊರಗುತ್ತದೆ. ಪೈಪು ಎತ್ತುವವರನ್ನು ಕರೆಸಬೇಕು, ಮೋಟಾರನ್ನು ಮೇಲಕ್ಕೆ ತೆಗೆಸಬೇಕು, ವೈಂಡಿಂಗ್ ಅಂಗಡಿಗೆ ಹೊತ್ತೊಯ್ದು ಸರದಿ ಕಾಯಬೇಕು. ಆ ನಾಲ್ಕಾರು ದಿನ ಮನೆಯ ಯಜಮಾನನಿಗೆ ಅನ್ನ ರುಚಿಸುವುದಿಲ್ಲ. ವಿದ್ಯಾರ್ಥಿಗಳೇ, ಮುಂದಿನ ಸಲ ಹಾಗೆ ಮೇಲೆ ಬಂದ ಮೋಟಾರಿನ ಮೈಮೇಲಿರುವ ಲೋಹದ ಚೀಟಿಯನ್ನು ಒರೆಸಿ ಓದಿ ನೋಡಿರಿ. ಹೆಚ್ಚಿನವುಗಳಲ್ಲಿ ಕೊಯಮತ್ತೂರು ಎಂಬ ಹೆಸರು ಕಾಣುತ್ತದೆ. ಅಡಿಗೆಮನೆಯಲ್ಲಿ ದೋಸೆಗೆ ಹಿಟ್ಟು ರುಬ್ಬುವ ಗ್ರೈಂಡರಿನ ತವರೂ ಅದೇ ಊರು. 1955ರಲ್ಲಿ ಪಿ. ಸಭಾಪತಿ ಎಂಬವರು ಅಲ್ಲಿ ಮೊದಲ ಗ್ರೈಂಡರನ್ನು ಮಾಡಿದರು. ಇಂದು ಆ ಊರಿನ ಗ್ರೈಂಡರಿಗೆ ಮೈಸೂರು ಮಲ್ಲಿಗೆಗೆ ಇರುವಂತೆಯೇ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು.

ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ ಹೋದರೆ ಸಿಕ್ಕುವ ಊರದು. 1979ರಲ್ಲಿ ಈರೋಡನ್ನು ಕೇಂದ್ರವಾಗಿಟ್ಟುಕೊಂಡು ಪೆರಿಯಾರ್ ಜಿಲ್ಲೆಯನ್ನು ಬೇರೆ ಮಾಡುವ ತನಕ ನಮ್ಮ ಬೆಟ್ಟದ ಊರುಗಳೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. ಆದುದರಿಂದ ಅದು ನಮಗೆ ಪರಸ್ಥಳವೇನೂ ಅಲ್ಲ. ಆದರೂ ಅಲ್ಲಿಂದ ನಾವು ಮೋಟಾರನ್ನು ತಂದೆವೇ ಹೊರತು ಮೋಟಾರು ಮಾಡುವ ವಿದ್ಯೆಯನ್ನು ತರಲಿಲ್ಲ. ಏಕೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ಲೇಖನ.

ಕೊಯಮತ್ತೂರಿನಲ್ಲಿ ಕಬ್ಬಿಣದ ಗಣಿಯಿಲ್ಲ, ಕಲ್ಲಿದ್ದಲಿಲ್ಲ, ಹತ್ತಿರದಲ್ಲಿ ಬಂದರೂ ಇಲ್ಲ. ಹತ್ತಿ ಬೆಳೆಯುವ ಕಪ್ಪು ಮಣ್ಣಿತ್ತು. 1888ರಲ್ಲಿ ಸ್ಟೇನ್ಸ್ ಎಂಬ ಇಂಗ್ಲಿಷರು ಅಲ್ಲಿ ನೂಲಿನ ಗಿರಣಿ ತೆರೆದರು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರದಿಂದ ವಿದ್ಯುತ್ತು ಇಳಿದು ಬಂದಿತು, ಗಿರಣಿಗಳು ಹೆಚ್ಚಿದವು. ಗಿರಣಿಗಳ ಯಂತ್ರ ಕೆಟ್ಟರೆ ರಿಪೇರಿ ಮಾಡುವವರು ಬೇಕಾದರು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಆಳವಾದ ಬಾವಿಗಳಿಂದ ನೀರೆತ್ತಲು ಪಂಪು ಬೇಕಾದವು. ಇಷ್ಟನ್ನು ಭೂಗೋಳದ ಪಾಠದಂತೆ ಯಾರಾದರೂ ಹೇಳಿಯಾರು. ಆದರೆ ಹತ್ತಿಯೂ ವಿದ್ಯುತ್ತೂ ಇದ್ದ ಬೇರೆ ಊರುಗಳೂ ಇದ್ದವಲ್ಲ, ಅವೆಲ್ಲ ಏಕೆ ಕೊಯಮತ್ತೂರಾಗಲಿಲ್ಲ? ನನ್ನ ಅಭಿಪ್ರಾಯದಲ್ಲಿ, ಅಲ್ಲಿಯ ಕೆಲವು ಕಾರ್ಖಾನೆಯವರು ತಮ್ಮ ಕಾರ್ಖಾನೆಯ ಬಾಗಿಲನ್ನು ಕಲಿಯುವ ಹುಡುಗರಿಗೆ ತೆರೆದಿಟ್ಟರು. ಉಳಿದ ಅರ್ಧ ಕಾರಣ ಅದು.

ಅವರಲ್ಲಿ ಮೊದಲು ನೆನೆಯಬೇಕಾದವರು ಜಿ. ಡಿ. ನಾಯ್ಡು ಅವರು. 1893ರಲ್ಲಿ ಕೊಯಮತ್ತೂರಿಗೆ ಸಮೀಪದ ಕಲಂಗಲ್ ಎಂಬ ಹಳ್ಳಿಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದರು. ಪ್ರಾಥಮಿಕ ಶಾಲೆಯಾಚೆಗೆ ಓದಲಿಲ್ಲ. ಒಬ್ಬ ಇಂಗ್ಲಿಷ್ ಅಧಿಕಾರಿಯ ಮೋಟಾರು ಸೈಕಲ್ಲನ್ನು ಕಂಡು ಅದರ ಮೇಲೆ ಮನಸ್ಸಿಟ್ಟು, ಅದನ್ನು ಕೊಳ್ಳುವುದಕ್ಕಾಗಿ ಕೊಯಮತ್ತೂರಿನ ಹೋಟೆಲೊಂದರಲ್ಲಿ ಮಾಣಿಯಾಗಿ ದುಡಿದು ದುಡ್ಡು ಕೂಡಿಸಿದರು. ಗಾಡಿ ಕೈಗೆ ಬಂದ ಮೇಲೆ ಸವಾರಿ ಮಾಡುವುದಕ್ಕಿಂತ ಮೊದಲು ಅದನ್ನು ತುಂಡು ತುಂಡಾಗಿ ಬಿಚ್ಚಿದರು, ಮತ್ತೆ ಜೋಡಿಸಿದರು. ಯಂತ್ರವಿದ್ಯೆಯಲ್ಲಿ ಅವರ ಶಾಲೆ ಅದೇ. 1920ರಲ್ಲಿ ಒಂದು ಬಸ್ಸನ್ನು ಕೊಂಡು ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿದರು. ಮುಂದೆ ಅದೇ ಯು.ಎಂ.ಎಸ್. ಎಂಬ ದೊಡ್ಡ ಸಾರಿಗೆ ಸಂಸ್ಥೆಯಾಯಿತು. 1937ರಲ್ಲಿ ಪೀಳಮೇಡಿನಲ್ಲಿದ್ದ ಅವರ ನ್ಯಾಷನಲ್ ಎಲೆಕ್ಟ್ರಿಕ್ ವರ್ಕ್ಸಿನಲ್ಲಿ ಡಿ. ಬಾಲಸುಂದರಂ ಅವರು ವಿದ್ಯುತ್ ಮೋಟಾರೊಂದನ್ನು ತಯಾರಿಸಿದರು. ನಮ್ಮ ದೇಶದಲ್ಲೇ ಆದ ಮೊದಲ ಮೋಟಾರು ಅದೆಂದು ಕೊಯಮತ್ತೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಅವರು ಜಾಣ ವ್ಯಾಪಾರಿಯೆಂದು ಹೆಸರಾಗುತ್ತಿದ್ದರು, ಅಷ್ಟೆ. 1944ರಲ್ಲಿ ತಮ್ಮ ಮೋಟಾರು ಉದ್ಯಮದ ದಿನನಿತ್ಯದ ಹೊಣೆಯಿಂದ ಹಿಂದೆ ಸರಿದು, ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ವೇತನವನ್ನೂ ಕೆಲಸಗಾರರ ಕ್ಷೇಮಕ್ಕೆ ಹಣವನ್ನೂ ಗೊತ್ತುಮಾಡಿದರು. 1945ರಲ್ಲಿ ಅವರ ಪ್ರಯತ್ನದಿಂದಲೂ ದಾನದಿಂದಲೂ, ಆಗಿನ ಮದರಾಸಿನ ಗವರ್ನರ್ ಆರ್ಥರ್ ಹೋಪ್ ಅವರ ಹೆಸರಿನಲ್ಲಿ, ಕೊಯಮತ್ತೂರಿನಲ್ಲಿ ಒಂದು ಪಾಲಿಟೆಕ್ನಿಕ್ಕೂ ಒಂದು ಇಂಜಿನಿಯರಿಂಗ್ ಕಾಲೇಜೂ ಹುಟ್ಟಿದವು. ಆ ಕಾಲೇಜೇ ಇಂದಿನ ಸರ್ಕಾರಿ ತಾಂತ್ರಿಕ ಕಾಲೇಜು. ಇಂಜಿನಿಯರಿಂಗ್ ಕಲಿಯಲು ನಾಲ್ಕು ವರ್ಷ ಬೇಡ, ಎರಡೇ ವರ್ಷ ಸಾಕು ಎಂಬುದು ನಾಯ್ಡು ಅವರ ವಾದ. ಸರ್ಕಾರ ಒಪ್ಪಲಿಲ್ಲ. ಪ್ರಿನ್ಸಿಪಾಲರಾಗಿದ್ದ ಅವರು ರಾಜೀನಾಮೆ ಕೊಟ್ಟು ಹೊರಟೇಬಿಟ್ಟರು! ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಕೈಯ ಚಳಕ ಎರಡು ವರ್ಷದಲ್ಲಿ ಬಂದೀತು. ಸೇತುವೆ ಬೀಳದಂತೆ ಲೆಕ್ಕ ಹಾಕುವ ಗಣಿತ ಅಷ್ಟು ಬೇಗ ಬಾರದು. ಆದರೆ ಆ ಹಟದ ಹಿಂದೆ ಇದ್ದ ಮಾತು ಮಾತ್ರ ನಿಜ. ಕಾರ್ಖಾನೆಯನ್ನೇ ಕಾಣದೆ ನಾಲ್ಕು ವರ್ಷ ಬೆಂಚಿನ ಮೇಲೆ ಕುಳಿತವನಿಗೆ ಸ್ಪ್ಯಾನರು ಹಿಡಿಯಲು ಬಾರದು.

ನಮ್ಮಲ್ಲಿ ಕೆಲವು ಹುಡುಗರು ಬಹಳ ಜಾಣರು. “ನಾಯ್ಡು ಅವರೇನು ಓದಿದ್ದರು? ಓದದೆ ಕೋಟ್ಯಧೀಶರಾಗಲಿಲ್ಲವೇ?” ಎಂದು ಕೇಳುತ್ತಾರೆ. ಹಾಗಾದರೆ ಓದದವರು ತಮ್ಮ ಗಳಿಕೆಯನ್ನು ಕಾಲೇಜು ಕಟ್ಟಲು ಏಕೆ ಸುರಿದರು ಎಂದು ಅವರನ್ನು ನಾನು ಕೇಳುತ್ತೇನೆ.

ಇನ್ನೊಂದು ಕಥೆ ಅದೇ ಪೀಳಮೇಡಿನದು. ಪಿ. ಎಸ್. ಗೋವಿಂದಸ್ವಾಮಿ ನಾಯ್ಡು ಅವರಿಗೆ ನಾಲ್ವರು ಗಂಡುಮಕ್ಕಳು. ಆಸ್ತಿ ಪಾಲಾಗುವಾಗ ಅದನ್ನು ನಾಲ್ಕು ಪಾಲು ಮಾಡದೆ ಐದು ಪಾಲು ಮಾಡಿ, ಐದನೆಯದನ್ನು ಧರ್ಮಕ್ಕೆಂದು ಬಿಟ್ಟರು. ನಮ್ಮ ಕಡೆ ಅಣ್ಣತಮ್ಮಂದಿರು ಒಂದು ಬದುವಿಗಾಗಿ ಚಾಮರಾಜನಗರದಲ್ಲೋ ಸತ್ಯಮಂಗಲದಲ್ಲೋ ವಕೀಲರ ಮನೆ ತಿರುಗುವುದನ್ನು ಕಂಡವರಿಗೆ ಇದು ಪುರಾಣದಂತೆ ಕೇಳಿಸೀತು. 1926ರಲ್ಲಿ ಆ ಐದನೆಯ ಪಾಲಿನಿಂದ ಪಿ.ಎಸ್.ಜಿ. ಧರ್ಮಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಅವರು ತೆರೆದದ್ದು ಒಂದು ಕೈಗಾರಿಕಾ ಸಂಸ್ಥೆ. ಅದರ ವಿಶೇಷವೇನೆಂದರೆ, ಅದು ಬರೀ ಪಾಠಶಾಲೆಯಲ್ಲ. ಅಲ್ಲಿ ಮಾಡಿದ ಪಂಪು, ಮೋಟಾರು, ಲೇತು ಯಂತ್ರಗಳು ಪೇಟೆಗೆ ಹೋಗಿ ಮಾರಾಟವಾಗುತ್ತವೆ. 1939ರಲ್ಲಿ ಪಾಲಿಟೆಕ್ನಿಕ್ಕೂ 1951ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಅದರ ಪಕ್ಕದಲ್ಲಿಯೇ ಬಂದವು.

ಪೇಟೆಗೆ ಹೋಗುವ ವಸ್ತುವನ್ನು ಮಾಡುತ್ತ ಕಲಿಯುವುದಕ್ಕೂ, ಮಾರ್ಕಿಗಾಗಿ ಒಂದು ಕಬ್ಬಿಣದ ತುಂಡನ್ನು ಉಜ್ಜಿ ಮೂಲೆಗೆ ಎಸೆಯುವುದಕ್ಕೂ ಅಜಗಜಾಂತರವುಂಟು. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೈದು ಬಂದರೆ ಪಾಸು. ಪಂಪಿನ ಶಾಫ್ಟು ನೂರಕ್ಕೆ ಮೂವತ್ತೈದು ಭಾಗ ಸರಿಯಾಗಿದ್ದರೆ ರೈತನ ಗದ್ದೆಗೆ ನೀರು ಬಾರದು. ಕೂದಲಿನ ಎಳೆಯಷ್ಟು ವ್ಯತ್ಯಾಸವಾದರೂ ಬೇರಿಂಗು ಸವೆಯುತ್ತದೆ, ಸದ್ದು ಮಾಡುತ್ತದೆ, ಕಡೆಗೆ ಮೋಟಾರನ್ನೇ ಸುಡುತ್ತದೆ. ಈ ಕಟ್ಟುನಿಟ್ಟನ್ನು ಉಪಾಧ್ಯಾಯರಾದ ನಾವು ಬೆತ್ತ ಹಿಡಿದರೂ ಕಲಿಸಲಾರೆವು. ಕಾರ್ಖಾನೆ ಮಾತಿಲ್ಲದೆ ಕಲಿಸುತ್ತದೆ.

ಇದರಿಂದ ಕಾರ್ಖಾನೆಯವರಿಗೇನು ಲಾಭ ಎಂದು ಪೋಷಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಒಂದು ಪಂಪನ್ನು ಒಂದೇ ಕಾರ್ಖಾನೆ ಪೂರ್ತಿಯಾಗಿ ಮಾಡುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಎರಕ ಹೊಯ್ಯುವವನು ಒಬ್ಬ. ಆ ಎರಕಕ್ಕೆ ಮರದ ಮಾದರಿ ಕೆತ್ತಿಕೊಡುವವನು ಮತ್ತೊಬ್ಬ. ಹೊಯ್ದದ್ದನ್ನು ಲೇತಿನಲ್ಲಿ ಕಡೆಯುವವನ ಶೆಡ್ಡು ಬೇರೊಂದು ಬೀದಿಯಲ್ಲಿ. ತಾಮ್ರದ ತಂತಿ ಸುತ್ತುವ ಕೆಲಸ ಇನ್ನೊಂದೆಡೆ. ಅದರಲ್ಲಿ ಹೆಂಗಸರೂ ಬಹಳ ಮಂದಿ. ನಟ್ಟು, ಬೋಲ್ಟು, ಬುಷ್ಷು, ಬೇರಿಂಗು ಇವೆಲ್ಲ ಹಾರ್ಡ್‌ವೇರ್ ಅಂಗಡಿಯಿಂದ. ಹೆಸರು ಹಾಕಿ ಮಾರುವ ದೊಡ್ಡ ಕಂಪನಿಯ ಹಿಂದೆ ಎರಡು ಲೇತಿನ, ಮೂರು ಆಳಿನ ಪುಟ್ಟ ಪುಟ್ಟ ಶೆಡ್ಡುಗಳ ಸಾಲೇ ಇರುತ್ತದೆ. ಅವುಗಳಲ್ಲಿ ಒಂದು ಕೆಟ್ಟ ಕೆಲಸ ಮಾಡಿದರೂ ಹೆಸರು ಕೆಡುವುದು ಎಲ್ಲರದು. ಆದುದರಿಂದ ಇಡೀ ಬೀದಿಯ ಕೆಲಸಗಾರರು ಚೆನ್ನಾಗಿ ಕಲಿತಿರುವುದು ದೊಡ್ಡವರಿಗೂ ಬೇಕು. ಕಾರ್ಖಾನೆಯಲ್ಲಿ ಕಲಿತ ಹುಡುಗ ನಾಲ್ಕು ವರ್ಷ ದುಡಿದು, ಹಳೆಯ ಲೇತೊಂದನ್ನು ಕೊಂಡು, ತನ್ನದೇ ಶೆಡ್ಡು ಹಾಕಿದರೆ ಒಡೆಯನಿಗೆ ನಷ್ಟವೆಂದು ತೋರೀತು. ಆದರೆ ಆ ಹುಡುಗನೇ ನಾಳೆ ಅವನಿಗೆ ಬಿಡಿಭಾಗ ಒದಗಿಸುವವನು! ಹೀಗೆ ನೋಡಿದರೆ ವಿದ್ಯಾರ್ಥಿಗೆ ಕೊಟ್ಟದ್ದು ದಾನವೂ ಹೌದು, ಬಿತ್ತನೆಯೂ ಹೌದು. ಬಿತ್ತನೆಯ ರಾಗಿಯನ್ನು ತಿನ್ನಬಾರದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕನ್ನಡ ನಾಡಿನಲ್ಲಿಯೂ ಇಂಥವರಿಲ್ಲದಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾಗಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿ ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಆ ನೇಗಿಲನ್ನು ಮುಟ್ಟಲಿಲ್ಲವಂತೆ. 1941ರಲ್ಲಿ ಆ ಮನೆತನದವರು ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಲೇತಿನ ಕಾರ್ಖಾನೆ ತೆರೆದರು. ಹರಿಹರದ ಲೇತೆಂದರೆ ದೇಶದಲ್ಲೆಲ್ಲ ಹೆಸರು. ಆದರೆ ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಅದನ್ನೇ ನಂಬಿದ್ದ ಮನೆಗಳು ತತ್ತರಿಸಿದವು. ಬೆಳಗಾವಿಯಲ್ಲಾದರೋ ಇಂದಿಗೂ ಸಣ್ಣಪುಟ್ಟ ಎರಕದ ಕಾರ್ಖಾನೆಗಳು ಬಹಳ ಇವೆ. ಒಂದು ಆಲದ ಮರದ ನೆರಳಿಗಿಂತ ಹತ್ತು ಹೊಂಗೆಯ ಮರ ಲೇಸೆಂದು ನನಗನ್ನಿಸುತ್ತದೆ. ಒಂದು ಬಿದ್ದರೆ ಇನ್ನೊಂಬತ್ತು ನಿಂತಿರುತ್ತವೆ.

ಇನ್ನು ನಮ್ಮ ಊರುಗಳಿಗೆ ಬರೋಣ. ನಮ್ಮಲ್ಲಿ ದೊಡ್ಡ ಕಾರ್ಖಾನೆಯಿಲ್ಲ. ಸುತ್ತ ಕಾಡು. ಹುಲಿಗಳ ರಕ್ಷಿತಾರಣ್ಯವೆಂದು 2013ರಲ್ಲಿ ಸತ್ಯಮಂಗಲದ ಕಾಡನ್ನು ಘೋಷಿಸಿದ್ದಾರೆ. ಇಲ್ಲಿ ಹೊಗೆಯುಗುಳುವ ಕಾರ್ಖಾನೆ ಬರುವುದೂ ಬೇಡ. ಆದರೆ ತಾಳವಾಡಿಯ ಪೇಟೆಬೀದಿಯಲ್ಲಿ ಒಮ್ಮೆ ನಡೆದು ನೋಡಿರಿ. ಮೋಟಾರು ವೈಂಡಿಂಗ್ ಮಾಡುವವರಿದ್ದಾರೆ, ವೆಲ್ಡಿಂಗ್ ಅಂಗಡಿಯಿದೆ, ಹಾರ್ಡ್‌ವೇರ್ ಅಂಗಡಿಯಿದೆ, ಗಾಡಿ ರಿಪೇರಿಯವರಿದ್ದಾರೆ, ಟ್ರಾಕ್ಟರಿನ ಕೆಲಸ ಬಲ್ಲವರಿದ್ದಾರೆ. ಇವರೇ ನಮ್ಮ ಇಂಜಿನಿಯರುಗಳು. ಹಿಂದಿನ ಕಾಲದಲ್ಲಿ ಊರಿನ ಕುಲುಮೆಗೆ ಇದ್ದ ಸ್ಥಾನ ಇಂದು ಇವರದು. ಕಮ್ಮಾರ ನೇಗಿಲಿನ ಗುಳ ತಟ್ಟಿಕೊಡುತ್ತಿದ್ದ, ಕುಡುಗೋಲಿಗೆ ಕಕ್ಕು ಹಾಕುತ್ತಿದ್ದ. ಊರು ಅವನಿಗೆ ಸುಗ್ಗಿಯಲ್ಲಿ ರಾಗಿ ಅಳೆದುಕೊಡುತ್ತಿತ್ತು. ತಿದಿ ಒತ್ತಲು ಹೋದ ಹುಡುಗರು ಕೆಂಪಗೆ ಕಾದ ಕಬ್ಬಿಣವನ್ನು ನೋಡುತ್ತ ನಿಲ್ಲುತ್ತಿದ್ದರು. ಆದರೆ ಕುಲುಮೆಯ ವಿದ್ಯೆ ಮಾತ್ರ ಒಂದೇ ಜಾತಿಯ ಮನೆಯೊಳಗೆ ಉಳಿಯಿತು. ಅದು ಆ ವ್ಯವಸ್ಥೆಯ ದೊಡ್ಡ ದೋಷ. ಇಂದಿನ ವೈಂಡಿಂಗ್ ಅಂಗಡಿಗೆ ಆ ಕಟ್ಟು ಇಲ್ಲ. ಗೌಡರ ಮಗನೂ ಸೋಲಿಗರ ಮಗನೂ ಒಂದೇ ಮೇಜಿನ ಮುಂದೆ ಕುಳಿತು ತಂತಿ ಸುತ್ತಬಹುದು. ಹೆಣ್ಣುಮಕ್ಕಳೂ ಸುತ್ತಬಹುದು.

ವೈಂಡಿಂಗ್ ಎಂದರೆ ಬರೀ ಸುತ್ತುವುದೆಂದು ತಿಳಿಯಬೇಡಿರಿ. ಮೂರು ಫೇಸಿನಲ್ಲಿ ಒಂದು ಕಡಿದುಹೋದರೆ, ಓಡುತ್ತಿರುವ ಮೋಟಾರಿನ ಹೊರೆಯೆಲ್ಲ ಉಳಿದೆರಡರ ಮೇಲೆ ಬೀಳುತ್ತದೆ, ವಿದ್ಯುತ್ ಪ್ರವಾಹ ಹೆಚ್ಚುತ್ತದೆ, ತಂತಿ ಕಾಯುತ್ತದೆ, ಅದರ ಹೊದಿಕೆ ಕರಗುತ್ತದೆ. ವೋಲ್ಟೇಜು ಇಳಿದಾಗಲೂ ಇದೇ ಕಥೆ. ಬಾವಿಯಲ್ಲಿ ನೀರಿಳಿದು ಮೋಟಾರು ಒಣಗಿ ಓಡಿದರೆ ತಣಿಸುವ ನೀರಿಲ್ಲದೆ ಬೇಯುತ್ತದೆ. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಓಮ್ ಅವರ ನಿಯಮ ಉಂಟು, ಪ್ರವಾಹದಿಂದ ಶಾಖ ಹುಟ್ಟುವ ಪಾಠ ಉಂಟು. ನಮ್ಮ ಮಕ್ಕಳು ಅದನ್ನು ಉರುಹಚ್ಚಿ ಬರೆಯುತ್ತಾರೆ. ಅದೇ ನಿಯಮ ತಮ್ಮ ಹೊಲದ ಮೋಟಾರನ್ನು ಸುಟ್ಟದ್ದೆಂದು ತಿಳಿದವರು ಎಷ್ಟು ಮಂದಿ? ಸುಟ್ಟ ಮೋಟಾರೊಂದನ್ನು ಸೀಳಿ ತರಗತಿಯ ಮೇಜಿನ ಮೇಲಿಟ್ಟರೆ ನನ್ನ ಒಂದು ವಾರದ ಉಪನ್ಯಾಸ ಉಳಿಯುತ್ತದೆ.

“ಮೈಗೆ ಗ್ರೀಸು ಮೆತ್ತಿಕೊಳ್ಳುವುದಕ್ಕೆ ಮಗನನ್ನು ಓದಿಸಬೇಕಾಗಿತ್ತೇ ಮೇಷ್ಟ್ರೇ?” ಎಂದು ಕೇಳುವ ತಂದೆತಾಯಿಗಳುಂಟು. ಅವರ ನೋವು ನನಗೆ ಅರ್ಥವಾಗುತ್ತದೆ. ತಾವು ಮಣ್ಣಿನಲ್ಲಿ ಪಟ್ಟ ಪಾಡನ್ನು ಮಗ ಪಡಬಾರದೆಂಬ ಆಸೆ ಅದು. ಆದರೆ ಈಗ ಆಗುತ್ತಿರುವುದೇನು? ಜಮೀನು ಪಾಲಾಗಿ ಪಾಲಾಗಿ ತುಂಡಾಗಿದೆ. ಕೋಸಿಗೆ ಬೆಲೆ ಬಂದರೆ ಬಂತು, ಇಲ್ಲದಿದ್ದರೆ ಹೊಲದಲ್ಲೇ ಉತ್ತುಹಾಕಬೇಕು. ಶಾಲೆ ಮುಗಿಸಿದ ಹುಡುಗರು ತಿರುಪ್ಪೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಕೈಯಲ್ಲಿ ಒಂದು ಕೆಲಸ ಕಲಿತು ಹೋದವನು ಕೆಲಸಗಾರನಾಗುತ್ತಾನೆ. ಕಲಿಯದೆ ಹೋದವನು ಹೆಲ್ಪರನಾಗುತ್ತಾನೆ. ಹತ್ತು ವರ್ಷ ಕಳೆದರೂ ಹೆಲ್ಪರ್ ಹೆಲ್ಪರೇ. ಗ್ರೀಸು ಸೋಪಿಗೆ ಹೋಗುತ್ತದೆ, ಈ ಹೆಸರು ಹೋಗುವುದಿಲ್ಲ.

ಹಾಗೆಂದು ಶಾಲೆ ಬಿಡಿಸಿ ಗ್ಯಾರೇಜಿಗೆ ಸೇರಿಸಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಯಾರಾದರೂ ಅರ್ಥ ಮಾಡಿಕೊಂಡರೆ ಈ ಲೇಖನವನ್ನು ಬರೆಯದಿದ್ದುದೇ ಮೇಲಾಗುತ್ತಿತ್ತು. ಕೆಲಸ ಕಲಿಸುತ್ತೇನೆಂದು ಹುಡುಗನನ್ನು ಇಟ್ಟುಕೊಂಡು, ಟೀ ತರಿಸುವುದರಲ್ಲಿ, ಅಂಗಡಿ ಗುಡಿಸುವುದರಲ್ಲಿ ಮೂರು ವರ್ಷ ಕಳೆಯುವವರೂ ಲೋಕದಲ್ಲುಂಟು. ಹದಿನಾಲ್ಕು ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಕೂಡದೆಂದು 1986ರ ಬಾಲಕಾರ್ಮಿಕ ಕಾಯಿದೆಯೂ ಅದಕ್ಕೆ 2016ರಲ್ಲಾದ ತಿದ್ದುಪಡಿಯೂ ಹೇಳುತ್ತವೆ. ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಕೂಡದು. ಕ್ರಮವಾಗಿ ಕಲಿಯುವವರಿಗೆ 1961ರ ಅಪ್ರೆಂಟಿಸ್ ಕಾಯಿದೆಯುಂಟು. ಅದರಂತೆ ಸೇರಿದವರಿಗೆ ಬರಹದಲ್ಲಿ ಒಪ್ಪಂದವೂ ತಿಂಗಳಿಗೆ ಭತ್ಯೆಯೂ ಕೊನೆಯಲ್ಲಿ ಸರ್ಟಿಫಿಕೇಟೂ ಸಲ್ಲಬೇಕು. ಮಗನನ್ನು ಯಾವುದಾದರೂ ಕಂಪನಿಗೆ ಕಲಿಯಲು ಕಳಿಸುವ ತಂದೆತಾಯಿಗಳು ಈ ಮೂರನ್ನು ಮೊದಲು ಕೇಳಬೇಕು. ಬಾಯಿಮಾತಿನ ಒಪ್ಪಂದ ದನದ ಸಂತೆಯಲ್ಲಿ ನಡೆಯುತ್ತದೆ, ಮಕ್ಕಳ ವಿಷಯದಲ್ಲಿ ನಡೆಯಬಾರದು.

ಭಾಷೆಯ ಮಾತೊಂದು ಉಳಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದವನು ಕೊಯಮತ್ತೂರಿನ ಕಾರ್ಖಾನೆಯಲ್ಲಿ ಏನು ಮಾಡಿಯಾನು ಎಂಬ ಅಂಜಿಕೆ ಹಲವರದು. ಪಿ.ಎಸ್.ಜಿ. ಕಾಲೇಜನ್ನು ಕಟ್ಟಿ ಬೆಳೆಸಿದ ಜಿ. ಆರ್. ದಾಮೋದರನ್ ಅವರು 1940ರ ದಶಕದ ಕೊನೆಯಲ್ಲಿಯೇ ‘ಕಲೈಕ್ಕದಿರ್’ ಎಂಬ ತಮಿಳು ವಿಜ್ಞಾನ ಮಾಸಪತ್ರಿಕೆಯನ್ನು ಆರಂಭಿಸಿದರು. ವಿದೇಶದಲ್ಲಿ ಇಂಜಿನಿಯರಿಂಗ್ ಓದಿ ಬಂದವರು ತಾಯಿನುಡಿಯಲ್ಲಿ ಯಂತ್ರದ ವಿಷಯ ಬರೆಯಿಸಿದರು! ತಮಿಳಿನಲ್ಲಿ ಆಗುವುದು ಕನ್ನಡದಲ್ಲಿ ಆಗದೇ? ಅಲ್ಲದೆ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರನ್ನೂ ಕಿವಿಯಲ್ಲಿಟ್ಟುಕೊಂಡು ಬೆಳೆದವರು. ಲೇತು, ಚಕ್ಕು, ಡ್ರಿಲ್ಲು, ಗೇಜು ಎಂಬ ಮಾತುಗಳು ಎರಡು ಕಡೆಯೂ ಒಂದೇ. ತಮಿಳಿನ ಕೊಲ್ಲನ್ ಎಂಬ ಕಮ್ಮಾರನ ಹೆಸರೂ ನಮ್ಮ ಕುಲುಮೆ ಎಂಬ ಮಾತೂ ಒಂದೇ ಬೇರಿನವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬೆಂಕಿಗೂ ಕಬ್ಬಿಣಕ್ಕೂ ಗಡಿಯೆಲ್ಲಿದೆ?

ಆದುದರಿಂದ ನಮ್ಮ ಅಂಗಡಿಗಳವರಲ್ಲಿಯೂ ಪೋಷಕರಲ್ಲಿಯೂ ನನ್ನ ಕೋರಿಕೆ ಇಷ್ಟು. ಬೇಸಿಗೆಯ ರಜೆಯಲ್ಲಿ ಒಂದು ವಾರ, ದಿನಕ್ಕೆ ಎರಡು ಗಂಟೆ, ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು ನಾಲ್ಕು ನಾಲ್ಕು ಮಂದಿಯಾಗಿ ನಿಮ್ಮ ಅಂಗಡಿಗೆ ಬಂದು ನೋಡಲಿ. ಕೆಲಸ ಮಾಡುವುದಕ್ಕಲ್ಲ, ನೋಡುವುದಕ್ಕೆ ಮತ್ತು ಕೇಳುವುದಕ್ಕೆ. ಜೊತೆಗೆ ಒಬ್ಬ ಉಪಾಧ್ಯಾಯರಿರಲಿ. ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಿನಲ್ಲಿ ನೋಡಬಾರದೆಂಬುದನ್ನು ಮೊದಲ ದಿನವೇ ಹೇಳಿಕೊಡಿರಿ. ತೂಕಕ್ಕೆ ಹಾಕುವ ಸುಟ್ಟ ಮೋಟಾರು, ಸವೆದ ಬೇರಿಂಗು, ಒಡೆದ ಇಂಪೆಲ್ಲರು ಇವುಗಳಲ್ಲಿ ಒಂದೊಂದನ್ನು ಶಾಲೆಯ ಪ್ರಯೋಗಶಾಲೆಗೆ ಕೊಡಿರಿ. ಹಾರ್ಡ್‌ವೇರ್ ಅಂಗಡಿಯವರು ಬೇರೆ ಬೇರೆ ಗಾತ್ರದ ನಟ್ಟು ಬೋಲ್ಟುಗಳ ಒಂದು ಹಲಗೆ ಮಾಡಿಕೊಟ್ಟರೆ ಅದು ಗೋಡೆಯ ಮೇಲೆ ಹತ್ತು ವರ್ಷ ಪಾಠ ಹೇಳೀತು. ಕೊಯಮತ್ತೂರಿನಲ್ಲಿಯೋ ಮೈಸೂರಿನಲ್ಲಿಯೋ ಕಾರ್ಖಾನೆ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ದೀಪಾವಳಿಗೆ ಊರಿಗೆ ಬಂದೇ ಬರುತ್ತಾರೆ. ಗುಮಟಾಪುರದ ಗೊರೆಹಬ್ಬ ಮುಗಿಸಿ ಹಿಂದಿರುಗುವ ಮುನ್ನ ಒಂದು ಅಪರಾಹ್ಣ ಶಾಲೆಗೆ ಬಂದು ತಮ್ಮ ಕೆಲಸದ ವಿಚಾರ ಹೇಳಲಿ. ಎಷ್ಟು ಸಂಬಳ, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಕಷ್ಟ, ಎಲ್ಲಿ ಮೋಸ, ಎಲ್ಲವನ್ನೂ ಹೇಳಲಿ.

ಮಕ್ಕಳು ಅಂಗಡಿಯಲ್ಲಿ ಕೇಳಿದ ಮಾತುಗಳನ್ನು ಕನ್ನಡ, ತಮಿಳು, ಇಂಗ್ಲಿಷು ಎಂದು ಮೂರು ಸಾಲಿನಲ್ಲಿ ಬರೆದು ತರಬೇಕು. ಆ ಪಟ್ಟಿಯನ್ನು ತಿದ್ದಿ ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಸಂಪಾದಕರು ನಾಲ್ಕು ಪುಟ ಬಿಟ್ಟುಕೊಡಬೇಕೆಂದು ಈಗಲೇ ಕೇಳಿಕೊಂಡಿದ್ದೇನೆ.